ಹಾವಿಗೆ ಹಾಲು ಬೇಡ, ಬೆಚ್ಚನೆಯ ಮೂಲೆ ಸಾಕು

'ಹಾವಿಗೆ ಹಾಲೆರೆದಂತೆ' ಎಂಬ ಮಾತನ್ನು ನಾವು ದಿನನಿತ್ಯ ಬಳಸುತ್ತೇವೆ. ಉಪಕಾರ ಮಾಡಿ ಕಚ್ಚಿಸಿಕೊಂಡವನ ಕತೆ ಅದು. ಆ ಮಾತಿನ ಒಳಗೆ ಎರಡು ನಂಬಿಕೆಗಳು ಅಡಗಿವೆ. ಹಾವು ಹಾಲು ಕುಡಿಯುತ್ತದೆ ಎಂಬುದು ಒಂದು. ಹಾಲೆರೆದವರ ಉಪಕಾರವನ್ನು ಅದು ನೆನೆಯಬೇಕಿತ್ತು ಎಂಬುದು ಇನ್ನೊಂದು. ಎರಡೂ ನಿಜವಲ್ಲ. ಮನುಷ್ಯ ಹಾವನ್ನು ಸಾಕತೊಡಗಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ಆದರೆ ಹಾವಿಗೆ ನಿಜವಾಗಿ ಏನು ಬೇಕು ಎಂದು ಅವನು ಕೇಳತೊಡಗಿದ್ದು ತೀರ ಇತ್ತೀಚೆಗೆ.

ಪ್ರಾಚೀನ ಗ್ರೀಕರಿಗೆ ಹಾವು ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಸಂಗಾತಿ. ಅವನ ಗುಡಿಗಳಲ್ಲಿ ವಿಷವಿಲ್ಲದ ಹಾವುಗಳನ್ನು ಇಟ್ಟುಕೊಳ್ಳುತ್ತಿದ್ದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆರಂಭದಲ್ಲಿ ರೋಮ್ ನಗರಕ್ಕೆ ಸಾಂಕ್ರಾಮಿಕ ರೋಗ ತಗುಲಿದಾಗ ಗ್ರೀಸಿನ ಎಪಿಡಾರಸ್‌ನಿಂದ ಇಂಥದೊಂದು ಹಾವನ್ನು ಹಡಗಿನಲ್ಲಿ ತಂದರೆಂದು ರೋಮನರು ಬರೆದಿಟ್ಟಿದ್ದಾರೆ. ಮುಂದೆ ಆ ಜಾತಿಯ ಹಾವುಗಳನ್ನು ಮನೆಗಳಲ್ಲೂ ಸಾಕುತ್ತಿದ್ದರು ಎನ್ನುತ್ತಾನೆ ಪ್ಲಿನಿ. ಚಕ್ರವರ್ತಿ ಟೈಬೀರಿಯಸ್ ಕೂಡ ಒಂದು ಹಾವನ್ನು ಸಾಕಿದ್ದ. ತನ್ನ ಕೈಯಿಂದಲೇ ಅದಕ್ಕೆ ಉಣಿಸುತ್ತಿದ್ದ. ಒಂದು ದಿನ ಉಣಿಸಲು ಹೋದಾಗ ಅದು ಸತ್ತುಬಿದ್ದು ಇರುವೆಗಳ ಪಾಲಾಗಿತ್ತು. ಜನಸಮೂಹದ ಬಗ್ಗೆ ಎಚ್ಚರವಾಗಿರು ಎಂಬುದು ಈ ಶಕುನದ ಅರ್ಥವೆಂದು ಅವನಿಗೆ ಹೇಳಲಾಯಿತಂತೆ. ಚರಿತ್ರಕಾರ ಸುಟೋನಿಯಸ್ ದಾಖಲಿಸಿರುವ ಈ ಪ್ರಸಂಗದಲ್ಲಿ, ಹಾವು ಸತ್ತಿದ್ದೇಕೆ ಎಂದು ಯಾರೂ ಕೇಳಿದಂತಿಲ್ಲ. ಶಕುನದ ಅರ್ಥ ಮುಖ್ಯವಾಯಿತೇ ಹೊರತು ಹಾವಲ್ಲ.

ನಮ್ಮ ಕಡೆಯ ಕತೆಯೂ ಇದಕ್ಕಿಂತ ತೀರ ಬೇರೆಯಲ್ಲ. ನಾಗರಕಲ್ಲಿಗೆ ಹಾಲೆರೆಯುವ ಭಕ್ತಿಯ ಮಾತು ಬೇರೆ. ಆದರೆ ಹಾವಾಡಿಗನ ಬುಟ್ಟಿಯ ಹಾವಿನ ಪಾಡು ಬೇರೆ. ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿ ಹೊಲಿದು, ನಾಗರಪಂಚಮಿಗೆ ಮುಂಚೆ ದಿನಗಟ್ಟಲೆ ನೀರಿಲ್ಲದೆ ಇಟ್ಟ ಹಾವು ಬಾಯಾರಿಕೆಗೆ ಎದುರಿಗಿಟ್ಟ ಯಾವ ದ್ರವವನ್ನಾದರೂ ಕುಡಿಯುತ್ತದೆ. ಅದು ಹಾಲಾಗಿದ್ದರೆ ಹಾಲನ್ನೇ. ಆ ಹಾಲು ಅದಕ್ಕೆ ಅರಗುವುದಿಲ್ಲ. ನೋಡಿದವರು ನಾಗಪ್ಪ ಹಾಲು ಕುಡಿದನೆಂದು ಕೈಮುಗಿದರು. ಪುಂಗಿಯ ನಾದಕ್ಕೆ ಹಾವು ತಲೆದೂಗುತ್ತದೆ ಎಂಬುದೂ ಇಂಥದೇ ನಂಬಿಕೆ. ಹಾವಿಗೆ ಹೊರಗಿವಿಯಿಲ್ಲ. ಅದರ ಕಣ್ಣು ನೆಟ್ಟಿರುವುದು ಎದುರಿಗೆ ಅಲುಗಾಡುವ ಪುಂಗಿಯ ಮೇಲೆ.

ಹಾವನ್ನು ದೇವರೆಂದಾಗಲಿ ಆಟವೆಂದಾಗಲಿ ನೋಡದೆ ಪ್ರಾಣಿಯಾಗಿ ನೋಡುವ ಪಾಠ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಮೃಗಾಲಯಗಳಲ್ಲಿ. 1849ರಲ್ಲಿ ಲಂಡನ್ ಮೃಗಾಲಯ ಸರೀಸೃಪಗಳಿಗೆಂದೇ ಒಂದು ಮನೆ ತೆರೆಯಿತು. ಜಗತ್ತಿನಲ್ಲಿ ಅಂಥದು ಅದೇ ಮೊದಲು. ಪಾಠ ಸುಲಭವಾಗಿರಲಿಲ್ಲ. 1851ರಲ್ಲಿ ಅಲ್ಲಿನ ದೊಡ್ಡ ಹಾವೊಂದು ತನ್ನ ಗೂಡಿನಲ್ಲಿದ್ದ ಕಂಬಳಿಯನ್ನೇ ನುಂಗಿಬಿಟ್ಟಿತು. ವಾರಗಳ ನಂತರ ಹೊರಹಾಕಿತು. ಮರುವರ್ಷ ಅಲ್ಲಿನ ನೌಕರ ಎಡ್ವರ್ಡ್ ಗರ್ಲಿಂಗ್ ಕುಡಿದ ಅಮಲಿನಲ್ಲಿ ನಾಗರಹಾವಿನೊಡನೆ ಸಾಹಸಕ್ಕಿಳಿದು, ಕಚ್ಚಿಸಿಕೊಂಡು ಸತ್ತ.

ಹಾವಿಗೆ ಕಂಬಳಿ ಹೊದಿಸಿದರೆ ಏಕೆ ಪ್ರಯೋಜನವಿಲ್ಲ? ಇಡೀ ಸಾಕಣೆಯ ಗುಟ್ಟು ಈ ಪ್ರಶ್ನೆಯಲ್ಲಿದೆ. ಕಂಬಳಿ ಶಾಖ ಕೊಡುವುದಿಲ್ಲ. ನಮ್ಮ ಮೈಯ ಶಾಖವನ್ನು ಹಿಡಿದಿಡುತ್ತದೆ ಅಷ್ಟೆ. ಹಾವಿನ ಮೈಯಲ್ಲಿ ಹಿಡಿದಿಡುವಷ್ಟು ಶಾಖವೇ ಹುಟ್ಟುವುದಿಲ್ಲ. ಅದು ಬಿಸಿಲಿನಿಂದ, ಕಾದ ಕಲ್ಲಿನಿಂದ ಶಾಖವನ್ನು ಕಡ ತರಬೇಕು. ಹೆಚ್ಚಾದರೆ ನೆರಳಿಗೆ ಸರಿಯಬೇಕು. ಮೊಟ್ಟೆಯ ಸುತ್ತ ಸುರುಳಿ ಸುತ್ತಿ, ಸ್ನಾಯುಗಳನ್ನು ಅದುರಿಸಿ ಕಾವು ಕೊಡುವ ಕೆಲವು ಜಾತಿಯ ಹೆಬ್ಬಾವುಗಳು ಇದಕ್ಕೆ ಅಪವಾದ. 1841ರಲ್ಲೇ ಪ್ಯಾರಿಸ್ಸಿನ ವಿಜ್ಞಾನಿಯೊಬ್ಬ ಇದನ್ನು ಉಷ್ಣಮಾಪಕ ಇಟ್ಟು ಅಳೆದಿದ್ದ. ಉಳಿದಂತೆ, ಶಾಖವಿಲ್ಲದ ಹಾವಿಗೆ ನುಂಗಿದ್ದು ಜೀರ್ಣವಾಗುವುದಿಲ್ಲ; ಒಳಗೇ ಕೊಳೆಯುತ್ತದೆ, ಇಲ್ಲವೇ ವಾಂತಿಯಾಗುತ್ತದೆ. ಊಟ ಹಾಕಿಯೂ ಸಾಕುವವರ ಕೈಯಲ್ಲಿ ಹಾವು ಸಾಯುವುದುಂಟು; ಅದಕ್ಕೆ ಬಹಳ ಸಲ ಚಳಿಯೇ ಕಾರಣ.

ಮೃಗಾಲಯದಿಂದ ಹಾವು ಮನೆಯೊಳಗೆ ಬಂದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್‌ರ ಮಗಳು ಆಲಿಸ್ ಶ್ವೇತಭವನದಲ್ಲಿ ಒಂದು ಹಸಿರು ಹಾವು ಸಾಕಿದ್ದಳು. ಬಣ್ಣಕ್ಕಾಗಿ ಸೊಪ್ಪಿನ ಹೆಸರನ್ನೂ, ತೆಳ್ಳಗಿನ ಮೈಗಾಗಿ ತನ್ನ ಚಿಕ್ಕಮ್ಮನ ಹೆಸರನ್ನೂ ಸೇರಿಸಿ ಅದನ್ನು 'ಎಮಿಲಿ ಸ್ಪಿನಾಚ್' ಎಂದು ಕರೆದಳು. ಆಗ ಅದು ಶ್ರೀಮಂತ ಹುಡುಗಿಯ ತುಂಟತನ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ಒಂದು ಹವ್ಯಾಸವಾಯಿತು. 1953ರಲ್ಲಿ ಉತ್ತರ ಕೆರೊಲಿನಾದಲ್ಲಿ ಕಪ್ಪು ವರ್ಣದ್ರವ್ಯವಿಲ್ಲದ ಒಂದು 'ಕಾರ್ನ್ ಸ್ನೇಕ್' ಸಿಕ್ಕಿತು. ಜೋಳದ ಕಣಜಗಳಲ್ಲಿ ಇಲಿ ಹಿಡಿಯುವ ಸಾಧು ಹಾವು ಅದು. ಚರ್ಮವೈದ್ಯ ಬರ್ನಾರ್ಡ್ ಬೆಕ್ಟೆಲ್ ಅದರ ಸಂತಾನ ಬೆಳೆಸಿ, ಬಣ್ಣ ಹೇಗೆ ಮರಿಗಳಿಗೆ ಇಳಿಯುತ್ತದೆ ಎಂದು ತೋರಿಸಿದರು. ಅಲಂಕಾರದ ಮೀನಿನಂತೆ ಬಗೆಬಗೆಯ ಬಣ್ಣದ ಹಾವುಗಳ ಮಾರುಕಟ್ಟೆ ಮುಂದೆ ಹುಟ್ಟಿಕೊಂಡಿತು.

ಆ ಮಾರುಕಟ್ಟೆಯ ಇಂದಿನ ರಾಜ 'ಬಾಲ್ ಪೈಥಾನ್'. ಹೆದರಿದಾಗ ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುವ, ಒಂದೂವರೆ ಮೀಟರ್ ದಾಟುವುದು ಅಪರೂಪವಾದ ಪುಟ್ಟ ಹೆಬ್ಬಾವು. ಇದರ ತವರು ಪಶ್ಚಿಮ ಆಫ್ರಿಕ. ಬೆನಿನ್ ದೇಶದ ಒಯಿಡಾ ಪಟ್ಟಣದಲ್ಲಿ ಇದೇ ಹಾವಿಗೆ ಗುಡಿಯಿದೆ. ಗುಡಿಯಿಂದ ಹೊರಬಂದ ಹಾವು ಯಾರದೋ ಮನೆ ಹೊಕ್ಕರೆ ಅವರು ಅದನ್ನು ಗೌರವದಿಂದ ಎತ್ತಿಕೊಂಡು ಹೋಗಿ ಮರಳಿ ಬಿಡುತ್ತಾರೆ. ನಮ್ಮ ಕರಾವಳಿಯ ನಾಗಬನಗಳನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಅದೇ ಬೆನಿನ್, ಟೋಗೊ, ಘಾನಾಗಳಿಂದ 1970ರ ದಶಕದಿಂದೀಚೆಗೆ 30 ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ಜೀವಂತವಾಗಿ ರಫ್ತಾಗಿವೆ. ಒಂದು ಕೈ ಪೂಜಿಸುತ್ತದೆ, ಇನ್ನೊಂದು ಕೈ ಮಾರುತ್ತದೆ.

ಮೊದಲ ಸಲ ಹಾವು ಸಾಕುವವರಿಗೆ ಅಲ್ಲಿನ ಅನುಭವಸ್ಥರು ಹೇಳುವ ಹಾವೂ ಬಹುಪಾಲು ಇದೇ. ಅದಕ್ಕೆ ಬೇಕಾದದ್ದು ಸ್ವಲ್ಪ. ಆದರೆ ಆ ಸ್ವಲ್ಪ ಕರಾರುವಾಕ್ಕಾಗಿ ಬೇಕು. ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಿರಬೇಕು, ಇನ್ನೊಂದು ತುದಿ 25-26ರಷ್ಟು ತಣ್ಣಗಿರಬೇಕು. ಎಲ್ಲಿರಬೇಕೆಂದು ಹಾವೇ ಆರಿಸಿಕೊಳ್ಳುತ್ತದೆ. ಶಾಖದ ಸಾಧನಕ್ಕೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಹಾವು ಮೈ ಸುಟ್ಟುಕೊಳ್ಳುತ್ತದೆ. ಎರಡೂ ತುದಿಯಲ್ಲಿ ಮೈಗೆ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು. ನಮಗೆ ವಿಶಾಲವಾದ ಕೋಣೆ ಸುಖ. ಬಿಲದ ಜೀವಿಗೆ ಬಚ್ಚಿಟ್ಟುಕೊಳ್ಳಲು ಎಡೆಯಿಲ್ಲದ ಬಯಲು ಭಯ. ಕುಡಿಯಲು ಶುದ್ಧ ನೀರು ಸದಾ ಇರಬೇಕು. ಗಾಳಿ ಒಣಗಿದರೆ ಪೊರೆ ಒಂದೇ ಪಟ್ಟಿನಲ್ಲಿ ಕಳಚದೆ ತುಂಡುತುಂಡಾಗಿ ಮೈಗಂಟುತ್ತದೆ.

ಊಟವೆಂದರೆ ಇಲಿ. ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಎರಡು ಮೂರು ವಾರಕ್ಕೊಮ್ಮೆ. ಜೀವಂತ ಇಲಿ ಬಿಟ್ಟರೆ ಅದು ಹಾವನ್ನೇ ಕಚ್ಚಿ ಗಾಯ ಮಾಡುವುದುಂಟು. ಹಾಗಾಗಿ ಸತ್ತು ಮಂಜುಗಟ್ಟಿಸಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡುತ್ತಾರೆ. ತಂದ ಮೊದಲ ವಾರ ಹಾವನ್ನು ಮುಟ್ಟಬಾರದು. ಉಂಡ ಮೇಲೆ ಎರಡು ದಿನ ಎತ್ತಬಾರದು. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಏಕೆಂದರೆ ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಇನ್ನು ಬಾಲ್ ಪೈಥಾನ್ ಕೆಲವೊಮ್ಮೆ ತಿಂಗಳುಗಟ್ಟಲೆ ಉಣ್ಣುವುದೇ ಇಲ್ಲ. ಬೆಳೆದ ಹಾವು ತೂಕ ಇಳಿಯದೆ ಗಟ್ಟಿಯಾಗಿದ್ದರೆ ಗಾಬರಿಯಾಗುವ ಕಾರಣವಿಲ್ಲ; ಇಳಿಯತೊಡಗಿದರೆ ವೈದ್ಯರ ಬಳಿ ಹೋಗಬೇಕು. ಎಲ್ಲಕ್ಕಿಂತ ಕಷ್ಟದ ಪಾಠ ಇನ್ನೊಂದಿದೆ. ಈ ಪ್ರಾಣಿ ನಿಮ್ಮನ್ನು ನಾಯಿಯಂತೆ ಪ್ರೀತಿಸುವುದಿಲ್ಲ. ಹೆಚ್ಚೆಂದರೆ ನಿಮಗೆ ಹೆದರುವುದನ್ನು ಬಿಡುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಒಬ್ಬರು ತಮ್ಮ ಬಾಲ್ ಪೈಥಾನನ್ನು ಕೊಟ್ಟುಹೋದರು. ಅದೇ ಹಾವು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಗಂಡಿನ ಸಂಗವಿಲ್ಲದೆ ವರ್ಷಗಟ್ಟಲೆ ಕಳೆದ ಮೇಲೂ ಏಳು ಮೊಟ್ಟೆಯಿಟ್ಟು ಸುದ್ದಿಯಾಯಿತು. ಹತ್ತು ವರ್ಷದ ಮಗನ ಹಟಕ್ಕೆ ಮಣಿದು ಹಾವು ತಂದ ತಂದೆ ಎಷ್ಟು ವರ್ಷಗಳ ಹೊಣೆ ಹೊರುತ್ತಾನೆ ಎಂಬುದನ್ನು ಇದರಿಂದ ಊಹಿಸಬಹುದು. ಹೊಣೆ ಭಾರವಾದಾಗ ಏನಾಗುತ್ತದೆ ಎಂಬುದಕ್ಕೆ ಫ್ಲಾರಿಡಾ ಸಾಕ್ಷಿ. ಸಾಕಲಾರದೆ ಬಿಟ್ಟ, ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೆಲೆಯೂರಿದವು. ಅವು ದೀರ್ಘಕಾಲದಿಂದ ನೆಲೆಸಿದ ಭಾಗಗಳಲ್ಲಿ ರ್‍ಯಾಕೂನ್ ಪ್ರಾಣಿ ಕಣ್ಣಿಗೆ ಬೀಳುವುದು ಶೇಕಡ 99ರಷ್ಟು ಕಡಿಮೆಯಾಗಿದೆ ಎಂದು 2012ರ ಅಧ್ಯಯನ ಹೇಳಿತು. ಅದೇ ವರ್ಷ ಅಮೆರಿಕ ಆ ಹೆಬ್ಬಾವಿನ ಆಮದನ್ನು ನಿಷೇಧಿಸಿತು. ಆ ವೇಳೆಗೆ ಹಾವುಗಳು ಜೌಗಿನ ಒಡೆತನ ವಹಿಸಿಕೊಂಡಾಗಿತ್ತು.

ನಮ್ಮ ದೇಶದಲ್ಲಿ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು 2022ರ ತಿದ್ದುಪಡಿ ವಿಧಿಸಿತು. ನಿಯಮಗಳು 2024ರಲ್ಲಿ ಬಂದವು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಆದರೂ ಕಳ್ಳಸಾಗಣೆ ನಿಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನ ಪೆಟ್ಟಿಗೆಯಲ್ಲಿ ಹತ್ತು ಹಳದಿ ಅನಕೊಂಡಾಗಳು ಸಿಕ್ಕವು. ಹಾವಾಡಿಗನ ಬುಟ್ಟಿ ಹೋಗಿ ಸೂಟ್‌ಕೇಸ್ ಬಂದಿದೆ ಅಷ್ಟೆ.

ಹಾಗಾದರೆ ಹಾವನ್ನು ನೆಟ್ಟಗೆ ಸಾಕಿದವರು ನಮ್ಮಲ್ಲಿ ಯಾರೂ ಇಲ್ಲವೆ? ಇದ್ದಾರೆ. ಚೆನ್ನೈ ಬಳಿಯ ಇರುಳಿಗರು. ಒಂದು ಕಾಲಕ್ಕೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದವರು. ಆ ವ್ಯಾಪಾರ ನಿಷೇಧವಾದಾಗ ಹೊಟ್ಟೆಪಾಡಿಗೆ ದಾರಿಯಿಲ್ಲದಾಯಿತು. ಆಗ ಉರಗತಜ್ಞ ರಾಮ್ಯುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಸರ್ಕಾರದ ಅನುಮತಿಯಿಂದ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳನ್ನು ಹಿಡಿದು ಮಣ್ಣಿನ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಒಳಗೆ ಕತ್ತಲು, ತಂಪು, ಯಾರ ಕಾಟವೂ ಇಲ್ಲ. ಕೆಲವು ವಾರಗಳಲ್ಲಿ ನಾಲ್ಕಾರು ಸಲ ವಿಷ ತೆಗೆದು, ಅದೇ ಹಾವನ್ನು ಮತ್ತೆ ಹಿಡಿಯದಂತೆ ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿ, ಹೊಲಕ್ಕೆ ಬಿಟ್ಟುಬಿಡುತ್ತಾರೆ. ಆ ವಿಷದಿಂದ ತಯಾರಾದ ಔಷಧಿ ಹಾವು ಕಚ್ಚಿದ ರೈತನ ಜೀವ ಉಳಿಸುತ್ತದೆ.

ಅವರು ಹಾವಿಗೆ ಹಾಲೆರೆಯುವುದಿಲ್ಲ. ಅದರಿಂದ ಕೃತಜ್ಞತೆಯನ್ನೂ ಬಯಸುವುದಿಲ್ಲ. ಎರಡು ಸಾವಿರ ವರ್ಷಗಳ ಪಾಠವನ್ನು ಒಂದು ಮಡಕೆಯಲ್ಲಿ ಇಡಬಹುದಾದರೆ ಅದು ಇದೇ. ತನ್ನದೇ ಕತ್ತಲೆಯ ಮೂಲೆಯಲ್ಲಿ ಅದರ ಪಾಡಿಗೆ ಅದನ್ನು ಬಿಡುವುದನ್ನು ಕಲಿತವನು ಮಾತ್ರ ಹಾವು ಸಾಕಲು ಅರ್ಹ. ಹಾಗೆ ಕಲಿತವರಲ್ಲಿ ಹೆಚ್ಚಿನವರಿಗೆ ಹಾವನ್ನು ಸಾಕಲೇಬೇಕು ಎನಿಸದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.