ಲೇಸರ್ ಡಯೋಡಿನ ಟೊಪ್ಪಿಗೆಯ ಕಥೆ

ಅಥಣಿ ತಾಲ್ಲೂಕಿನ ಐಗಳಿಯಲ್ಲಿ ಒಮ್ಮೆ ವಿದ್ಯಾರ್ಥಿಗಳಿಗೆ ಬೆಳಕಿನ ಬಗ್ಗೆ ಹೇಳಿ ಮುಗಿಸಿದಾಗ ಹುಡುಗನೊಬ್ಬ ಹತ್ತಿರ ಬಂದ. ಜೇಬಿನಿಂದ ಬಟಾಣಿ ಗಾತ್ರದ, ಮೂರು ಕಾಲಿನ ಲೋಹದ ಡಬ್ಬಿಯೊಂದನ್ನು ತೆಗೆದ. ಕೆಟ್ಟ ಸಿ.ಡಿ. ಪ್ಲೇಯರಿನಿಂದ ಬಿಚ್ಚಿದ ಲೇಸರ್ ಡಯೋಡ್ ಅದು. "ಸರ್, ಇದರ ಟೊಪ್ಪಿಗಿ ಮನ್ಯಾಗ ತಗೀಬಹುದೇನ್ರಿ? ಒಳಗ ಏನೈತಂತ ನೋಡಬೇಕ್ರಿ" ಎಂದ.

ಇದಕ್ಕೆ "ಬೇಡ" ಎಂದಷ್ಟೇ ಹೇಳಿ ಕಳುಹಿಸಬಹುದಿತ್ತು. ಆದರೆ ಕಾರಣ ತಿಳಿಯದ "ಬೇಡ" ಎಷ್ಟು ದಿನ ನಿಂತೀತು? ಆ ಟೊಪ್ಪಿಗೆ ಅಲ್ಲಿಗೆ ಏಕೆ ಬಂತು ಎಂಬುದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. ಅದನ್ನು ನೀವೂ ಕೇಳಿ.

ಟೊಪ್ಪಿಗೆಯಿಲ್ಲದ ಕಾಲ

1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ಮತ್ತು ಸಂಗಡಿಗರು ಮೊದಲ ಅರೆವಾಹಕ ಲೇಸರನ್ನು ಬೆಳಗಿಸಿದರು. ಗ್ಯಾಲಿಯಮ್ ಆರ್ಸೆನೈಡಿನ ಸಣ್ಣ ಹರಳು. ಅದರ ಎರಡು ಎದುರು ಮುಖಗಳೇ ಕನ್ನಡಿಗಳು. ಆ ಮುಖಗಳನ್ನು ನಯಗೊಳಿಸುವಾಗ ಹಾಲ್ ಅವರಿಗೆ ನೆರವಾದದ್ದು ಹವ್ಯಾಸಕ್ಕೆಂದು ದೂರದರ್ಶಕ ತಯಾರಿಸಿದ್ದ ಅನುಭವ. ಮನೆಯಲ್ಲಿ ಮಾಡಿದ ಕೆಲಸ ವಿಜ್ಞಾನಕ್ಕೆ ಒದಗುವುದು ಹೀಗೆ. ಆದರೆ ಆ ಲೇಸರ್ ಬೆಳಗಲು ದ್ರವ ನೈಟ್ರೋಜನ್ನಿನ ಚಳಿ, ಅಂದರೆ ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್ ಬೇಕಿತ್ತು. ವಿದ್ಯುತ್ತನ್ನು ಮಿಡಿತಗಳಲ್ಲಿ ಮಾತ್ರ ಕೊಡಬೇಕಿತ್ತು.

ಭಾರತವೂ ತಡಮಾಡಲಿಲ್ಲ. ಅದೇ ದಶಕದ ಮಧ್ಯಭಾಗದಲ್ಲಿ ಮುಂಬಯಿಯ ಟ್ರಾಂಬೆ ಪರಮಾಣು ಕೇಂದ್ರದಲ್ಲಿ ಗ್ಯಾಲಿಯಮ್ ಆರ್ಸೆನೈಡ್ ಲೇಸರ್ ಸಿದ್ಧವಾಯಿತು.

ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವ ಡಯೋಡ್ ಬಂದದ್ದು 1970ರಲ್ಲಿ. ಲೆನಿನ್‌ಗ್ರಾಡಿನಲ್ಲಿ ಜೋರೆಸ್ ಅಲ್ಫೆರೊವ್ ತಂಡ, ಬೆಲ್ ಪ್ರಯೋಗಾಲಯದಲ್ಲಿ ಹಯಾಶಿ ಮತ್ತು ಪ್ಯಾನಿಶ್ ಕೆಲವೇ ವಾರಗಳ ಅಂತರದಲ್ಲಿ ಇದನ್ನು ಸಾಧಿಸಿದರು. ಗ್ಯಾಲಿಯಮ್ ಆರ್ಸೆನೈಡಿನ ತೆಳು ಪದರವನ್ನು ಅಲ್ಯೂಮಿನಿಯಮ್ ಬೆರೆತ ಎರಡು ಪದರಗಳ ನಡುವೆ ಇಟ್ಟದ್ದೇ ಗುಟ್ಟು. ಇಂಥ ಪದರ ರಚನೆಗಾಗಿ ಅಲ್ಫೆರೊವ್ ಮತ್ತು ಹರ್ಬರ್ಟ್ ಕ್ರೋಮರ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಸಾಯುವ ಡಯೋಡುಗಳು

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಮೊದಲ ಡಯೋಡುಗಳು ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಗಳಲ್ಲಿ ಸಾಯುತ್ತಿದ್ದವು. ಹರಳಿನೊಳಗಿನ ದೋಷಗಳು ಒಂದು ಕಾರಣ. ಬೆಳಕು ಹೊರಬರುವ ಮುಖ ಕೆಡುತ್ತಿದ್ದುದು ಇನ್ನೊಂದು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಡಯೋಡಿನ ಬೆಳಕು ಕೇವಲ 5 ಮಿಲಿವಾಟ್ ಎನ್ನಿ. ಅದು ಹೊರಬರುವ ಕಿಂಡಿ 1 ಮೈಕ್ರೋಮೀಟರ್ ಎತ್ತರ, 3 ಮೈಕ್ರೋಮೀಟರ್ ಅಗಲ. ಹಾಗಾದರೆ ಚದರ ಸೆಂಟಿಮೀಟರಿಗೆ ಸುಮಾರು 1,67,000 ವಾಟ್ ಆಯಿತು! ಐಗಳಿಯ ನಡುಹಗಲ ಬಿಸಿಲು ಅಷ್ಟೇ ಜಾಗಕ್ಕೆ ಕೊಡುವುದು ಸುಮಾರು 0.1 ವಾಟ್. ಇಂಥ ಮುಖದ ಮೇಲೆ ತೇವ, ಧೂಳು, ಬೆರಳಿನ ಎಣ್ಣೆಯ ಅಂಶ ಕುಳಿತರೆ ಏನಾದೀತು? ಅದು ಬೆಳಕನ್ನು ಹೀರಿ ಕಾಯುತ್ತದೆ. ಕಾದ ಮುಖ ಇನ್ನಷ್ಟು ಹೀರುತ್ತದೆ. ಕೊನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿಹೋಗುತ್ತದೆ.

ಆದ್ದರಿಂದ ಹರಳನ್ನು ಶುದ್ಧಗೊಳಿಸಿದರು, ಮುಖಕ್ಕೆ ರಕ್ಷಕ ಲೇಪ ಬಳಿದರು, ಕೊನೆಗೆ ಎಲ್ಲವನ್ನೂ ಒಣ ಅನಿಲ ತುಂಬಿದ ಡಬ್ಬಿಯಲ್ಲಿಟ್ಟು ಗಾಜಿನ ಕಿಟಕಿಯ ಟೊಪ್ಪಿಗೆಯನ್ನು ಬೆಸೆದರು. 1982ರಲ್ಲಿ ಸಿ.ಡಿ. ಪ್ಲೇಯರ್ ಮಾರುಕಟ್ಟೆಗೆ ಬಂದದ್ದು ಡಯೋಡುಗಳಿಗೆ ಇಂಥ ದೀರ್ಘಾಯುಷ್ಯ ಬಂದ ಮೇಲೆಯೇ.

ಚರಿತ್ರೆಗೆ ಒಂದು ತಿರುವೂ ಇದೆ. ಲೇಪಗಳು ಸುಧಾರಿಸಿದಂತೆ ಕೆಂಪು ಮತ್ತು ಅವಕೆಂಪು ಡಯೋಡುಗಳಲ್ಲಿ ತಯಾರಕರೇ ಎಷ್ಟೋ ಕಡೆ ಟೊಪ್ಪಿಗೆಯನ್ನು ಕೈಬಿಟ್ಟರು. ಆದರೆ 405 ನ್ಯಾನೊಮೀಟರಿನ ನೇರಳೆ ಡಯೋಡಿಗೆ ಅದು ಮತ್ತೆ ಅನಿವಾರ್ಯವಾಯಿತು. ಗಾಳಿಯಲ್ಲಿನ ಸಾವಯವ ಆವಿಗಳನ್ನು ನೇರಳೆ ಬೆಳಕು ಒಡೆದು, ಮುಖದ ಮೇಲೆ ಕೊಳೆಯಾಗಿ ಕೂಡಿಸುತ್ತದೆ.

ಮುಚ್ಚಿಟ್ಟೇ ಗೆದ್ದವರು

ಸಿ.ಡಿ. ಡಯೋಡಿನ ಅಲೆಯುದ್ದ ಸುಮಾರು 780 ನ್ಯಾನೊಮೀಟರ್. ರುಬಿಡಿಯಮ್ ಪರಮಾಣು ಹೀರುವ ಅಲೆಯುದ್ದಗಳಲ್ಲೊಂದು 780.24! ಈ ಕಾಕತಾಳೀಯ ಭೌತವಿಜ್ಞಾನಿಗಳಿಗೆ ವರವಾಯಿತು. ದುಬಾರಿ ಲೇಸರುಗಳ ಬದಲು ಅಗ್ಗದ ಡಯೋಡಿನ ಮುಂದೆ ಮಸೂರ ಮತ್ತು ಗೀರುಜಾಲವನ್ನಿಟ್ಟು, ಅಲೆಯುದ್ದವನ್ನು ಪರಮಾಣುವಿಗೆ ಶ್ರುತಿಗೂಡಿಸಿದರು. 1995ರಲ್ಲಿ ಕಾರ್ನೆಲ್ ಮತ್ತು ವೀಮನ್ ರುಬಿಡಿಯಮ್ಮನ್ನು ತಣಿಸಿ, ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸ್–ಐನ್‌ಸ್ಟೈನ್ ಸಾಂದ್ರೀಕೃತ ಸ್ಥಿತಿಯನ್ನು ಪಡೆದದ್ದು ಇಂಥ ಡಯೋಡುಗಳ ನೆರವಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಂಶೋಧಕರು ಡಯೋಡ್ ಲೇಸರುಗಳನ್ನು ತಾವೇ ಕಟ್ಟಿಕೊಂಡು ರುಬಿಡಿಯಮ್ ರೋಹಿತವನ್ನು ಅತಿ ನಿಖರವಾಗಿ ಅಳೆದರು.

ಗಮನಿಸಿ, ಇಂಥ ಜೋಡಣೆಗೆ ಸಾಮಾನ್ಯವಾಗಿ ಟೊಪ್ಪಿಗೆ ತೆಗೆಯಬೇಕಾಗಿಲ್ಲ. ಕಿಟಕಿಯ ಮೂಲಕವೇ ಬೆಳಕು ಬರುತ್ತದಲ್ಲ! ಮುಖಕ್ಕೆ ಬೇರೆ ಲೇಪ ಬಳಿಯಬೇಕಾದಾಗ ಮಾತ್ರ ತೆಗೆಯುತ್ತಾರೆ. ಅದೂ ಧೂಳಿಲ್ಲದ ಕೋಣೆಯಲ್ಲಿ, ಕೆಲವು ಡಯೋಡುಗಳು ಸತ್ತೇ ಸಾಯುತ್ತವೆ ಎಂದು ತಿಳಿದು.

ಕಣ್ಣಿನ ಮಾತು

ಟೊಪ್ಪಿಗೆ ಕಾಯುವುದು ಹರಳನ್ನು, ನಿಮ್ಮ ಕಣ್ಣನ್ನಲ್ಲ. ಅದಿದ್ದರೂ ಇಲ್ಲದಿದ್ದರೂ ಬೆಳಕಿನ ಅಪಾಯ ಒಂದೇ. 780 ನ್ಯಾನೊಮೀಟರಿನ ಬೆಳಕು ನಮಗೆ ಮಂಕಾದ ಕೆಂಪು ಚುಕ್ಕೆಯಂತೆ ಮಾತ್ರ ಕಾಣುತ್ತದೆ. ಹಾಗಾಗಿ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಆದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟದ ಮೇಲೆ ಚುಕ್ಕೆಯಾಗಿ ಕೂಡಿಸಿಯೇ ತೀರುತ್ತದೆ. ಡಿ.ವಿ.ಡಿ. ಬರೆಯುವ ಯಂತ್ರದ ಡಯೋಡಂತೂ ನೂರು ಮಿಲಿವಾಟನ್ನು ಮೀರಬಹುದು. ಸುಟ್ಟ ಅಕ್ಷಿಪಟ ಮತ್ತೆ ಬೆಳೆಯುವುದಿಲ್ಲ. ಇನ್ನು ಹರಳಿನಲ್ಲಿರುವುದು ಆರ್ಸೆನಿಕ್; ಅದನ್ನು ಉಜ್ಜುವುದು, ಪುಡಿಮಾಡುವುದು ಸಲ್ಲದು.

ಹಾಗಾದರೆ ಆ ಹುಡುಗನ ಕುತೂಹಲಕ್ಕೆ ದಾರಿಯಿಲ್ಲವೆ? ಇದೆ. ಡಯೋಡಿಗೆ ವಿದ್ಯುತ್ ಸಂಪರ್ಕ ಎಳ್ಳಷ್ಟೂ ಇರಬಾರದು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ಗಾಜಿನ ಕಿಟಕಿಯ ಮೂಲಕ ಒಳಗೆ ಇಣುಕಿ. ಲೋಹದ ದಿಮ್ಮಿ, ಅದರ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಹರಳು, ಕೂದಲಿಗಿಂತ ತೆಳುವಾದ ಚಿನ್ನದ ತಂತಿ ಕಾಣುತ್ತವೆ. ಆ ಹುಡುಗ ಬಿಸಿಲಿಗೆ ಹೋಗಿ ಹಾಗೆಯೇ ನೋಡಿದ. "ಕಂಡ್ತ್ರಿ ಸರ್!" ಎಂದ. ಟೊಪ್ಪಿಗೆ ಇದ್ದಲ್ಲೇ ಇತ್ತು.