ದ್ರಾಕ್ಷಿ ಬಳ್ಳಿಯ ನೀರಿನ ಬಳಕೆ ಮತ್ತು ಶಾಖಸಹನೆ

ದ್ರಾಕ್ಷಿ ಬಳ್ಳಿ (ವೈಟಿಸ್ ವಿನಿಫೆರಾ) ಬೇರಿನಿಂದ ಹೀರಿದ ನೀರಿನ ಬಹುಪಾಲನ್ನು ಎಲೆಗಳ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೊರಬಿಡುತ್ತದೆ. ತಾಪಮಾನ ಏರಿದಂತೆ ಈ ಬಾಷ್ಪವಿಸರ್ಜನೆ ಹೇಗೆ ಬದಲಾಗುತ್ತದೆ, ಎಲೆ ಮತ್ತು ಹಣ್ಣು ಎಷ್ಟು ಶಾಖ ತಾಳಬಲ್ಲವು ಎಂಬುದು ಹವಾಮಾನ ಬದಲಾವಣೆಯ ಕಾಲದಲ್ಲಿ ತೋಟಗಾರಿಕೆ ವಿಜ್ಞಾನದ ಮುಖ್ಯ ಪ್ರಶ್ನೆ. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1354ರಿಂದ ಉಳಿದು ಬಂದಿರುವ ಕೊಯ್ಲಿನ ದಿನಾಂಕಗಳ ಪ್ರಕಾರ, 1988ರ ನಂತರ ಅಲ್ಲಿನ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮೊದಲೇ ನಡೆಯುತ್ತಿದೆ. ಬಳ್ಳಿ ಬಿಸಿಗೆ ಸ್ಪಂದಿಸುತ್ತಿರುವುದರಲ್ಲಿ ಅನುಮಾನವಿಲ್ಲ. ಆದರೆ ನೀರಿನ ಉಳಿತಾಯವನ್ನು ಒಂದು ಗುಣ, ಶಾಖಸಹನೆಯನ್ನು ಇನ್ನೊಂದು ಗುಣ ಎಂದು ಬೇರೆಬೇರೆಯಾಗಿ ಅಳೆದರೆ ಎರಡರ ಬಗ್ಗೆಯೂ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಕಾರಣ ಎಲೆಯಲ್ಲೇ ಇದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಎಲೆ ತಂಪಾಗಿರುವುದು ಆ ವೆಚ್ಚದಿಂದ. ಇತ್ತ ಗಾಳಿ 25ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವದ ಒತ್ತಡ ಸುಮಾರು 1.8 ಪಟ್ಟಾಗುತ್ತದೆ, ಎಲೆಯಿಂದ ನೀರನ್ನು ಎಳೆಯುವ ಬಲವೂ ಹೆಚ್ಚುತ್ತದೆ. ಆಗ ಬಳ್ಳಿ ಪತ್ರರಂಧ್ರ ಮುಚ್ಚಿಕೊಂಡರೆ ನೀರು ಉಳಿಯುತ್ತದೆ, ಎಲೆ ಕಾಯುತ್ತದೆ. ತೆರೆದಿಟ್ಟರೆ ಎಲೆ ತಂಪಾಗುತ್ತದೆ, ಮಣ್ಣಿನ ತೇವ ಬರಿದಾಗುತ್ತದೆ. ದ್ಯುತಿಸಂಶ್ಲೇಷಣೆ 25ರಿಂದ 35 ಡಿಗ್ರಿಯ ನಡುವೆ ಚೆನ್ನಾಗಿ ಸಾಗಿ, ಅದರಾಚೆ ಕುಸಿಯುತ್ತದೆ. ಹಣ್ಣಿನ ಪಾಡು ಇನ್ನೂ ಕಷ್ಟ: ಆವಿಯ ತಂಪು ಅದಕ್ಕೆ ಹೆಚ್ಚಾಗಿ ಸಿಗುವುದಿಲ್ಲ. ನೇರ ಬಿಸಿಲಿಗೆ ಬಿದ್ದ ಗೊಂಚಲು ಗಾಳಿಗಿಂತ 10 ಡಿಗ್ರಿಯಷ್ಟು ಹೆಚ್ಚು ಕಾಯಬಹುದು, ಕಪ್ಪು ತಳಿಗಳಲ್ಲಿ ಬಣ್ಣ ಕೊಡುವ ಆಂಥೋಸಯನಿನ್ ಕಡಿಮೆಯಾಗಬಹುದು.

ಅಳತೆಯ ಉಪಕರಣಗಳು ಈ ಜೋಡಿ ಸಂಬಂಧದ ಒಂದೊಂದು ಭಾಗವನ್ನಷ್ಟೇ ಹಿಡಿಯುತ್ತವೆ. ಸ್ಕೊಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಪ್ರಚಾರಕ್ಕೆ ತಂದ ಒತ್ತಡ ಕೋಶ ಇಂದಿಗೂ ತೋಟದ ನೆಚ್ಚಿನ ಸಾಧನ. ಬಳ್ಳಿಯಲ್ಲಿರುವಾಗಲೇ ಎಲೆಗೆ ಬೆಳ್ಳಿಹಾಳೆಯ ಚೀಲ ಕಟ್ಟಿ ಸುಮಾರು ಒಂದು ಗಂಟೆ ಬಿಡುತ್ತಾರೆ. ಬಳಿಕ ಕತ್ತರಿಸಿ, ತೊಟ್ಟಿನ ತುದಿ ಮಾತ್ರ ಹೊರಗೆ ಕಾಣುವಂತೆ ಕೋಶದೊಳಗಿಟ್ಟು ಸಾರಜನಕದ ಒತ್ತಡ ಏರಿಸುತ್ತಾರೆ. ಕತ್ತರಿಸಿದ ತುದಿಯಲ್ಲಿ ರಸ ಜಿನುಗಿದ ಕ್ಷಣದ ಒತ್ತಡವೇ ಬಳ್ಳಿಯ ಬಾಯಾರಿಕೆಯ ಅಳತೆ. ಕ್ಯಾಲಿಫೋರ್ನಿಯಾದ ಪಾರ್ಲಿಯರ್‌ನಲ್ಲಿ ಥಾಮ್ಸನ್ ಸೀಡ್‌ಲೆಸ್ ಬಳ್ಳಿಗಳನ್ನು ಮಣ್ಣಿನ ಸಮೇತ ತೂಗುವ ಲೈಸಿಮೀಟರ್ ಅಳತೆಗಳು, ಮಧ್ಯಾಹ್ನ ನೆಲದ ಮೇಲೆ ಬೀಳುವ ನೆರಳಿನ ಪಾಲು ಹೆಚ್ಚಿದಷ್ಟೂ ನೀರಿನ ಬಳಕೆಯೂ ಹೆಚ್ಚುತ್ತದೆಂದು ತೋರಿಸಿದವು. ಹಾಗಾಗಿ ಎಲೆ ತೆಗೆದರೆ ನೀರು ಉಳಿಯುತ್ತದೆ. ಆದರೆ ಗೊಂಚಲಿಗೆ ನೆರಳು ತಪ್ಪುತ್ತದೆ. ಶಾಖಚಿತ್ರ ಕ್ಯಾಮೆರಾದಲ್ಲಿ ಎಲೆಯ ಉಷ್ಣವನ್ನೂ ಜೊತೆಗೆ ನೋಡಿದರೆ ಮಾತ್ರ ಈ ಲಾಭ-ನಷ್ಟದ ಲೆಕ್ಕ ಪೂರ್ಣವಾಗುತ್ತದೆ.

ತಳಿಗಳ ವಿಂಗಡಣೆಯಲ್ಲೂ ಇದೇ ಎಚ್ಚರ ಬೇಕು. ಗ್ರೆನಾಶ್ ತಳಿ ಬೇಗ ಪತ್ರರಂಧ್ರ ಮುಚ್ಚುವ ಮಿತವ್ಯಯಿ, ಸಿರಾ ತಡವಾಗಿ ಮುಚ್ಚುವ ಧಾರಾಳಿ ಎಂದು 2003ರಲ್ಲಿ ಶುಲ್ಟ್ಸ್ ವರ್ಣಿಸಿದರು. ಮುಂದಿನ ಅಧ್ಯಯನಗಳಲ್ಲಿ ಒಂದೇ ತಳಿ ಮಣ್ಣು ಮತ್ತು ಋತುವಿಗೆ ತಕ್ಕಂತೆ ಬೇರೆಬೇರೆ ರೀತಿ ವರ್ತಿಸಿತು. ಮಿತವ್ಯಯಿ ತಳಿ ಬರಕ್ಕೆ ಒಳ್ಳೆಯದೆಂಬ ಸಲಹೆ, ಅದೇ ತಳಿ ಶಾಖದಲೆಯ ಮಧ್ಯಾಹ್ನ ಹೇಗಿರುತ್ತದೆಂದು ಹೇಳುವುದಿಲ್ಲ.

ನೀರು, ಶಾಖ ಎರಡನ್ನೂ ಒಟ್ಟಿಗೆ ಅಳೆಯಬೇಕೆಂಬ ಈ ವಾದಕ್ಕೆ ಮೂರು ಆಕ್ಷೇಪಗಳಿವೆ. ದ್ರಾಕ್ಷಿ ಬರಕ್ಕೆ ಸಾಯುವುದೇ ಅಪರೂಪ ಎಂಬುದು ಮೊದಲನೆಯದು. ಬೋರ್ಡೊ ಮತ್ತು ನಾಪಾದ ದೀರ್ಘಕಾಲದ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೂ ಹಾಗೆಯೇ ಹೇಳಿತು: ನೀರುನಾಳಗಳು ಮಾರಕವಾಗಿ ಕಟ್ಟಿಕೊಳ್ಳುವ ಮಟ್ಟವನ್ನು ಅಲ್ಲಿನ ಬಳ್ಳಿಗಳು ಮುಟ್ಟಿರಲಿಲ್ಲ. ಇದು ನಿಜವೇ; ಆದರೆ ಬಳ್ಳಿ ಬದುಕಿತೆಂದ ಮಾತ್ರಕ್ಕೆ ಫಸಲು ಉಳಿಯಿತೆಂದಲ್ಲ. 2019ರ ಜೂನ್ 28ರಂದು ದಕ್ಷಿಣ ಫ್ರಾನ್ಸಿನ ವೆರಾರ್ಗ್‌ನಲ್ಲಿ 46 ಡಿಗ್ರಿ ದಾಖಲಾದಾಗ, ಎರೋ ಮತ್ತು ಗಾರ್ ಜಿಲ್ಲೆಗಳಲ್ಲಿ ಎಲೆ, ಗೊಂಚಲುಗಳು ಸುಟ್ಟು ಕರಕಲಾದವು. ಬರ ವಾರಗಟ್ಟಲೆ ಕಟ್ಟಿಕೊಂಡು ಬರುತ್ತದೆ, ಶಾಖಕ್ಕೆ ಒಂದು ಮಧ್ಯಾಹ್ನ ಸಾಕು. ಕೊಂಚ ನೀರು ಕಡಿಮೆ ಕೊಟ್ಟರೆ ಹಣ್ಣಿನ ಗುಣ ಹೆಚ್ಚುತ್ತದೆಂಬುದು ಎರಡನೆಯ ಆಕ್ಷೇಪ. ಸಾಧಾರಣ ಬೇಸಿಗೆಗೆ ಆ ಪದ್ಧತಿ ಸರಿಯೇ; ಶಾಖದಲೆಯ ಮುನ್ಸೂಚನೆ ಬಂದಾಗ ಮಾತ್ರ ಮೊದಲೇ ನೀರುಣಿಸಿ ಎಲೆಗೆ ತಂಪಿನ ದಾರಿ ಉಳಿಸಬೇಕು. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ನೀರು ತಾನಾಗಿ ಉಳಿಯುತ್ತದೆಂಬುದು ಮೂರನೆಯದು. ಪತ್ರರಂಧ್ರ ಕಿರಿದಾಗಿ ನೀರು ಉಳಿದರೂ ಅಷ್ಟರಮಟ್ಟಿಗೆ ತಂಪು ಕಡಿಮೆಯಾಗುತ್ತದೆ, ಎಲೆ ಹೆಚ್ಚು ಹಬ್ಬಿದರೆ ಉಳಿತಾಯವೂ ಕರಗುತ್ತದೆ. ಜರ್ಮನಿಯ ಗೈಸೆನ್‌ಹೈಮ್‌ನಲ್ಲಿ ಬಯಲು ತೋಟಕ್ಕೇ ಈ ಅನಿಲ ಹಾಯಿಸುವ ಪ್ರಯೋಗ ಅದಕ್ಕಾಗಿಯೇ ಮಹತ್ವದ್ದು.

ವಿಜಯಪುರ, ಬಾಗಲಕೋಟೆಯ ಬೆಳೆಗಾರರಿಗೆ ಈ ಪ್ರಶ್ನೆ ದೂರದ್ದಲ್ಲ. ಅಲ್ಲಿ ಏಪ್ರಿಲ್ ಚಾಟ್ನಿಯ (ಕಡ್ಡಿ ಸವರುವಿಕೆಯ) ನಂತರ ಚಿಗುರುವ ಕಡ್ಡಿಗಳಲ್ಲಿ ಮುಂದಿನ ಫಸಲಿನ ಹೂಮೊಗ್ಗು ರೂಪುಗೊಳ್ಳುವುದು ವರ್ಷದ ಕಡುಬೇಸಿಗೆಯಲ್ಲೇ. ಬೋರ್ಡೊದಲ್ಲಿ 2009ರಿಂದ ಐವತ್ತಕ್ಕೂ ಹೆಚ್ಚು ತಳಿಗಳನ್ನು ಒಂದೇ ತೋಟದಲ್ಲಿ ಬೆಳೆಸಿ ಹೋಲಿಸುತ್ತಿರುವ ವಿಟ್‌ಅಡಾಪ್ಟ್ ಪ್ರಯೋಗ ಒಳ್ಳೆಯ ಮಾದರಿ. ಅಂಥ ಹೋಲಿಕೆ ಬಿಸಿನಾಡುಗಳಲ್ಲೂ ಆಗಬೇಕು, ನೀರು ಮತ್ತು ಶಾಖ ಎರಡನ್ನೂ ಒಂದೇ ಬಳ್ಳಿಯ ಮೇಲೆ, ಒಂದೇ ಮಧ್ಯಾಹ್ನ ಅಳೆಯಬೇಕು. ಬೆಳೆಗಾರ ಒಮ್ಮೆ ನೆಟ್ಟ ತಳಿಯೊಂದಿಗೆ ದಶಕಗಟ್ಟಲೆ ಬಾಳಬೇಕಾದ್ದರಿಂದ, ಅವನಿಗೆ ಅರ್ಧ ಅಳತೆಯ ಸಲಹೆ ಕೊಡುವುದು ನ್ಯಾಯವಲ್ಲ.