ಜಾರಿದ ಗರ್ಭಕೋಶ, ಹೊಲಿದ ಜಾಲರಿ

ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು. ಹನೂರು ಈಚಿನ ವರ್ಷಗಳಲ್ಲಷ್ಟೇ ಪ್ರತ್ಯೇಕ ತಾಲ್ಲೂಕಾಯಿತು. ಇದೆಲ್ಲ ದಾಖಲೆಯಲ್ಲಿದೆ. ಬಾಣಂತನ ಮುಗಿಯುವ ಮೊದಲೇ ಸೌದೆ, ನೀರು ಹೊತ್ತು ಗರ್ಭಕೋಶ ಜಾರಿಸಿಕೊಂಡ ಇಲ್ಲಿನ ಹೆಂಗಸರ ಚರಿತ್ರೆ ಮಾತ್ರ ಅವರ ಸೆರಗಿನೊಳಗೇ ಉಳಿದಿದೆ.

ಗಂಡನಿಗೂ ಹೇಳದೆ ಮುಚ್ಚಿಡುವ ಕಾಯಿಲೆಯಿದು. ಭಾಟಿಯಾ ಮತ್ತು ಕ್ಲೆಲ್ಯಾಂಡ್ 1995ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಕರ್ನಾಟಕದ 3,600 ಎಳೆಯ ತಾಯಂದಿರನ್ನು ಮಾತಾಡಿಸಿದಾಗ ಸುಮಾರು ಮೂರರಲ್ಲೊಬ್ಬರು ಒಂದಲ್ಲ ಒಂದು ಸ್ತ್ರೀರೋಗದ ಲಕ್ಷಣ ಹೇಳಿಕೊಂಡರು. ಅಂದರೆ, ಕೇಳಿದರೆ ಹೇಳುತ್ತಾರೆ.

ಚಿಕಿತ್ಸೆ ಹಿಂದಿನಿಂದಲೂ ಇತ್ತು. ಒಳಗೆ ರಿಂಗ್ ಇಡುವುದು, ಸಡಿಲವಾದ ಭಾಗವನ್ನು ಹೊಲಿದು ಬಿಗಿ ಮಾಡುವುದು, ಗರ್ಭಕೋಶವನ್ನೇ ತೆಗೆಯುವುದು. ಮುಂಬಯಿಯ ಡಾ. ಶಿರೋಡ್ಕರ್ ರೋಗಿಯ ತೊಡೆಯ ಪೊರೆಯಿಂದಲೇ ಪಟ್ಟಿ ತೆಗೆದು ಗರ್ಭಕೋಶವನ್ನು ಎತ್ತಿ ಕಟ್ಟುವ ವಿಧಾನ ತೋರಿಸಿದರು.

ಆಮೇಲೆ ಬಂದದ್ದು ಪ್ಲಾಸ್ಟಿಕ್ ಜಾಲರಿ. ಹರ್ನಿಯಾದಲ್ಲಿ ಅದು ಚೆನ್ನಾಗಿ ನಿಂತಿತ್ತು. ಹೊಟ್ಟೆಗೆ ಒಗ್ಗಿದ್ದು ಯೋನಿಗೂ ಒಗ್ಗೀತು ಎಂಬುದು ಲೆಕ್ಕ. ಅಮೆರಿಕದಲ್ಲಿ 2002ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿತು. ಮೊದಲೇ ಮಾರಾಟದಲ್ಲಿದ್ದ ವಸ್ತುವನ್ನು ಹೋಲುತ್ತದೆ ಎಂಬುದೇ ಆಧಾರ. ಹೆಂಗಸರ ಮೇಲೆ ಹೊಸ ಪರೀಕ್ಷೆ ಬೇಕೆಂದು ಯಾರೂ ಪಟ್ಟು ಹಿಡಿಯಲಿಲ್ಲ. ಜಾಲರಿ ಒಳಪೊರೆಯನ್ನು ಕೊರೆದು ಹೊರಬಂದ ದೂರುಗಳು ಬಂದವು: ನೋವು, ರಕ್ತಸ್ರಾವ, ದಾಂಪತ್ಯವೇ ಯಾತನೆ. ಮಾಂಸ ಬೆಳೆದು ಹೆಣೆದುಕೊಂಡ ಜಾಲರಿಯನ್ನು ಪೂರ್ತಿ ಬಿಡಿಸಿ ತೆಗೆಯುವುದೂ ಕಷ್ಟ. 2008, 2011ರಲ್ಲಿ ಎಚ್ಚರಿಕೆ ಹೊರಟಿತು. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ ನಡೆದ ಪ್ರಾಸ್ಪೆಕ್ಟ್ ಅಧ್ಯಯನ (2017) ಎರಡು ವರ್ಷ ಕಾದು ನೋಡಿತು. ಬರೀ ಹೊಲಿಗೆಗಿಂತ ಜಾಲರಿಯಿಂದ ಹೆಚ್ಚಿನ ಗುಣವಿಲ್ಲ. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಜಾಲರಿಯ ತೊಡಕು, ಅವುಗಳಲ್ಲಿ ಬಹುಪಾಲು ಸಣ್ಣವೇ ಆದರೂ. 2018ರಲ್ಲಿ ಬ್ರಿಟನ್ ತಡೆ ಹಾಕಿತು. 2019ರ ಏಪ್ರಿಲ್‌ನಲ್ಲಿ ಅಮೆರಿಕ ಮಾರಾಟ ನಿಲ್ಲಿಸಲು ಹೇಳಿತು. ಹೊಟ್ಟೆಯ ಕಡೆಯಿಂದ ಬೆನ್ನಿನ ಕೆಳಮೂಳೆಗೆ ಕಟ್ಟುವ ಜಾಲರಿ ಈ ಆದೇಶಕ್ಕೆ ಸೇರಿಲ್ಲ; ಎರಡನ್ನೂ ಒಂದೇ ಎಂದು ಹೆದರಬೇಕಾಗಿಲ್ಲ.

ಅಲ್ಲಿ ಸತ್ಯ ಹೊರಬಿದ್ದದ್ದು ನೊಂದ ಹೆಂಗಸರು ಒಟ್ಟಾಗಿ ನಾಚಿಕೆ ಬಿಟ್ಟು ಮಾತಾಡಿದ್ದರಿಂದ. ನಮ್ಮಲ್ಲಿ? ಚಾಮರಾಜನಗರಕ್ಕೆ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ. ಅದಕ್ಕೆ ಮೊದಲು ದೊಡ್ಡ ಆಪರೇಶನ್ ಎಂದರೆ ಮೈಸೂರಿನ ಬಸ್ಸು. ಹೊಲಿಗೆ ಬಿಚ್ಚಿಸಿಕೊಂಡು ಮಹದೇಶ್ವರ ಬೆಟ್ಟದ ತಪ್ಪಲಿನ ಹಳ್ಳಿಗೆ ಮರಳಿದವಳಿಗೆ ಎರಡು ವರ್ಷದ ಮೇಲೆ ರಕ್ತ ಕಂಡರೆ ಅವಳು ಹತ್ತಿರದ ಯಾವುದೋ ಡಾಕ್ಟರ ಬಳಿ ಹೋಗುತ್ತಾಳೆ. ಆಪರೇಶನ್ ಮಾಡಿದವರ ಲೆಕ್ಕದಲ್ಲಿ ಅವಳು ಗುಣವಾದವಳೇ. ಒಳಗೆ ಜಾಲರಿ ಇಟ್ಟಿದ್ದಾರೋ ಇಲ್ಲವೋ ತಿಳಿಯಲು ಈ ಡಾಕ್ಟರಿಗೆ ಮೊದಲು ಬೇಕಾದದ್ದು ಆಗ ಕೊಟ್ಟ ಡಿಸ್ಚಾರ್ಜ್ ಚೀಟಿ.